ಬಯಲುಸೀಮೆಯ ಕಣ್ಣಿಗೆ ಮಂಗಟ್ಟೆ ಕಾಣುವ ಬಗೆ

ಮುನಿರಾಬಾದಿನ ಬಳಿ ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ನಿಂತು ಚಳಿಗಾಲದ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸಿದವರಿಗೆ, ಗಂಗಾವತಿಯ ಗದ್ದೆಬಯಲಿನಲ್ಲಿ ಬಸ್ಸಿನ ಕಿಟಕಿಯಿಂದಲೇ ಬಣ್ಣದ ಕೊಕ್ಕರೆಯನ್ನು ಗುರುತಿಸಿದವರಿಗೆ, ಯಲಬುರ್ಗಾ ಕಡೆಯ ಎರೆಹೊಲಗಳಲ್ಲಿ ನೆಲಗುಬ್ಬಿ ಮೇಲೇಳುವುದನ್ನು ನೋಡುತ್ತ ಬೆಳೆದವರಿಗೆ ಹಕ್ಕಿ ನೋಡುವುದೆಂದರೆ ಕಣ್ಣಿನ ಕೆಲಸ. ನಮ್ಮ ಸೀಮೆಯಲ್ಲಿ ದೃಷ್ಟಿಗೆ ಅಡ್ಡ ಬರುವುದು ಕಡಿಮೆ. ಹಕ್ಕಿ ಇದ್ದರೆ ಕಾಣುತ್ತದೆ, ಕಾಣದಿದ್ದರೆ ಅಲ್ಲಿಲ್ಲ ಎಂದುಕೊಳ್ಳುತ್ತೇವೆ. ಇದೇ ಅಭ್ಯಾಸವನ್ನು ಕಟ್ಟಿಕೊಂಡು ದಾಂಡೇಲಿಯ ಕಾಡಿಗೆ ಹೋದವರು ಸಾಮಾನ್ಯವಾಗಿ ಕತ್ತು ನೋಯಿಸಿಕೊಂಡು ಮರಳುತ್ತಾರೆ.

ನಾನೂ ಹಾಗೆಯೇ ಮರಳಬೇಕಿತ್ತು. ಮೊದಲ ಸಲ ಹೋದಾಗ ದೊಡ್ಡ ಮಂಗಟ್ಟೆಯನ್ನು, ಅಂದರೆ ಎಲ್ಲರೂ ಹಾರ್ನ್‌ಬಿಲ್ ಎಂದು ಕರೆಯುವ ಹಕ್ಕಿಗಳಲ್ಲಿ ನಮ್ಮ ದೇಶದಲ್ಲೇ ಅತಿ ದೊಡ್ಡದನ್ನು, ಹುಡುಕಿಕೊಂಡು ಎರಡು ದಿನ ತಲೆಯೆತ್ತಿ ನಡೆದೆ. ಎರಡು ಬಾರಿ ರೆಕ್ಕೆಯ ಸದ್ದು ಕೇಳಿತೇ ಹೊರತು ಹಕ್ಕಿ ಕಾಣಲಿಲ್ಲ. ಮೂರನೆಯ ಬೆಳಿಗ್ಗೆ ಜೊತೆಗೆ ಬಂದ ಹಿರಿಯ ಮಾರ್ಗದರ್ಶಿಯೊಬ್ಬರು ನನ್ನನ್ನು ಸ್ವಲ್ಪ ಹೊತ್ತು ಸುಮ್ಮನೆ ಗಮನಿಸಿ, “ಸರ್ರ, ಮ್ಯಾಲ ನೋಡಬ್ಯಾಡ್ರಿ. ಮೊದಲ ಕೆಳಗ ನೋಡ್ರಿ” ಎಂದರು. ಅವರು ತೋರಿಸಿದ ಕಡೆ ದಾರಿಯಂಚಿನ ನೆಲದ ಮೇಲೆ ಗೋಲಿಯಷ್ಟು ದಪ್ಪದ ಹಣ್ಣುಗಳು ಉದುರಿ ಬಿದ್ದಿದ್ದವು. ಕೆಲವು ಜಜ್ಜಿಹೋಗಿ, ಒಳಗಿನ ಸಣ್ಣ ಬೀಜಗಳು ಹೊರಬಂದು, ಇರುವೆ ಮುತ್ತಿಕೊಂಡಿದ್ದವು. ಕೆಲವು ಆಗತಾನೆ ಬಿದ್ದಂತೆ ತೊಟ್ಟಿನಲ್ಲಿ ಹಾಲು ಒಸರುತ್ತಿದ್ದವು. ಅದೊಂದು ಆಲದ ಜಾತಿಯ ಮರ. ನಾವು ಅದರಿಂದ ಐವತ್ತು ಹೆಜ್ಜೆ ಹಿಂದೆ ಸರಿದು ಕುಳಿತೆವು. ಮುಕ್ಕಾಲು ಗಂಟೆಯೊಳಗೆ ಒಂದು ಜೋಡಿ ಬಂದು ಅದೇ ಮರದ ಮೇಲೆ ಇಳಿಯಿತು. ಎರಡು ದಿನ ನಾನು ಹಕ್ಕಿಯನ್ನು ಹುಡುಕಿದ್ದೆ. ಅವರು ಹಣ್ಣಾದ ಮರವನ್ನು ಹುಡುಕಿದ್ದರು. ಈ ಬರಹದಲ್ಲಿ ನಾನು ಹೇಳಬೇಕಾದದ್ದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಹೊರಡುವ ಮೊದಲು ಊರಿನಲ್ಲೇ ಮಾಡಬೇಕಾದ ಅಭ್ಯಾಸ

ಕಾಡಿಗೆ ಹೋಗಿ ಕಲಿಯುತ್ತೇನೆ ಎಂದುಕೊಂಡರೆ ಕಲಿಯುವುದರಲ್ಲೇ ಎರಡು ದಿನ ಕಳೆದುಹೋಗುತ್ತವೆ. ಇಲ್ಲೇ ಮಾಡಿಕೊಳ್ಳಬಹುದಾದ ಎರಡು ಅಭ್ಯಾಸಗಳಿವೆ, ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು ಕಿವಿಯದು. ನಮ್ಮ ಊರುಗಳ ಬೇವು, ಆಲ, ಅರಳಿ ಮರಗಳಲ್ಲಿ ಕಂಚುಕುಟಿಗ ಹಕ್ಕಿ ಇರುತ್ತದೆ. ಗುಬ್ಬಿಗಿಂತ ತುಸು ದೊಡ್ಡದಾದ, ಹಸಿರು ಮೈಯ, ಹಣೆ ಮತ್ತು ಎದೆಯ ಮೇಲೆ ಕೆಂಪು ಇರುವ ಈ ಹಕ್ಕಿ ಬಿಸಿಲೇರಿದಂತೆ ಕಂಚು ಬಡಿದ ಹಾಗೆ “ಟುಕ್, ಟುಕ್, ಟುಕ್” ಎಂದು ಬಿಡುವಿಲ್ಲದೆ ಕೂಗುತ್ತದೆ. ಕೂಗುತ್ತಲೇ ತಲೆಯನ್ನು ಆಚೆ ಈಚೆ ತಿರುಗಿಸುವುದರಿಂದ ದನಿ ಒಮ್ಮೆ ಹತ್ತಿರ, ಒಮ್ಮೆ ದೂರ ಎನಿಸಿ ಹಕ್ಕಿ ಇರುವ ಕೊಂಬೆ ಸುಲಭವಾಗಿ ಸಿಗುವುದಿಲ್ಲ. ಮರದ ಕೆಳಗೆ ನಿಂತು, ಕಣ್ಣು ಮುಚ್ಚಿ, ದನಿ ಬರುವ ದಿಕ್ಕಿಗೆ ಮುಖ ತಿರುಗಿಸಿ, ನಂತರ ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಹಾಗೆಯೇ ಮಾಡಿ, ಎರಡೂ ದಿಕ್ಕುಗಳು ಸೇರುವ ಜಾಗವನ್ನು ಮಾತ್ರ ನೋಡಿರಿ. ಒಂದು ವಾರ ಹೀಗೆ ಮಾಡಿದರೆ ದನಿಯನ್ನು ಹಿಡಿದು ಕೊಂಬೆಯನ್ನು ಮುಟ್ಟುವುದು ರೂಢಿಯಾಗುತ್ತದೆ. ಮಳೆಕಾಡಿನಲ್ಲಿ ಕಣ್ಣು ಕೆಲಸ ಆರಂಭಿಸುವುದು ಕಿವಿ ತನ್ನ ಕೆಲಸ ಮುಗಿಸಿದ ಮೇಲೆಯೇ.

ಎರಡನೆಯದು ದುರ್ಬೀನಿನ ಅಭ್ಯಾಸ. ಹೊಸಬರು ಹಕ್ಕಿಯನ್ನು ಕಂಡ ಕೂಡಲೇ ತಲೆ ತಗ್ಗಿಸಿ, ದುರ್ಬೀನನ್ನು ಹುಡುಕಿ, ಕಣ್ಣಿಗೆ ಹಚ್ಚಿ, ಮತ್ತೆ ತಲೆಯೆತ್ತುತ್ತಾರೆ. ಅಷ್ಟರಲ್ಲಿ ಎಲೆಗಳ ರಾಶಿಯಲ್ಲಿ ಆ ಜಾಗವೇ ತಪ್ಪಿಹೋಗಿರುತ್ತದೆ. ಕಣ್ಣನ್ನು ಹಕ್ಕಿಯ ಮೇಲಿನಿಂದ ತೆಗೆಯದೆ, ಮುಖವನ್ನು ಅಲುಗಿಸದೆ, ಕೈಯನ್ನಷ್ಟೇ ಎತ್ತಿ ದುರ್ಬೀನನ್ನು ಕಣ್ಣಿನ ಮುಂದೆ ತರಬೇಕು. ಕೊಪ್ಪಳದ ಕೋಟೆಯ ಬುರುಜಿನ ಮೇಲೆ ಕುಳಿತ ಪಾರಿವಾಳಗಳನ್ನು ಇಟ್ಟುಕೊಂಡು ನಾನು ಇದನ್ನು ಕಲಿತೆ. ದುರ್ಬೀನನ್ನು ಹೊಸದಾಗಿ ಕೊಳ್ಳುವವರು 8×42 ಅಳತೆಯದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನೂ, ಎರಡನೆಯದು ಮುಂದಿನ ಗಾಜಿನ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳುತ್ತವೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಿಂಡಿಯ ಅಗಲ ಸಿಗುತ್ತದೆ. 8×42ರಲ್ಲಿ ಅದು ಸುಮಾರು 5 ಮಿ.ಮೀ., 10×42ರಲ್ಲಿ 4 ಮಿ.ಮೀ.ಗೆ ಸಮೀಪ. ಹಿನ್ನೀರಿನ ಬಿಸಿಲಿನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೆಳಗಿನ ಆರೂವರೆಗೆ ಕಾಡಿನೊಳಗಿನ ಮಬ್ಬಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗೆ, ಹತ್ತು ಪಟ್ಟು ಹಿಗ್ಗಿಸುವ ದುರ್ಬೀನು ಕೈಯ ನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ.

ಎಲ್ಲಿಗೆ, ಯಾವಾಗ

ಕೊಪ್ಪಳದಿಂದ ಗದಗ, ಹುಬ್ಬಳ್ಳಿ, ಧಾರವಾಡ, ಹಳಿಯಾಳದ ಮೇಲೆ ಹೋದರೆ ದಾಂಡೇಲಿ ಸುಮಾರು 200 ಕಿ.ಮೀ. ದೂರ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ನಮ್ಮ ನೆಲದಿಂದ ಹೊರಟು, ಧಾರವಾಡ ದಾಟುತ್ತಿದ್ದಂತೆ ಗಾಳಿಯ ತೇವ ಬದಲಾಗುವುದನ್ನು ಮೈಯೇ ಹೇಳುತ್ತದೆ. ದಾಂಡೇಲಿ ಪಟ್ಟಣದ ಸುತ್ತಲಿನದು ಹೆಚ್ಚಾಗಿ ಎಲೆ ಉದುರಿಸುವ ತೇವದ ಕಾಡು. ಅಲ್ಲಿಂದ ಪಶ್ಚಿಮಕ್ಕೆ, ಗಣೇಶಗುಡಿ, ಅಣಶಿ, ಕ್ಯಾಸಲ್‌ರಾಕ್ ಕಡೆಗೆ ಸರಿದಂತೆ ವರ್ಷವಿಡೀ ಹಸಿರಾಗಿರುವ ಮಳೆಕಾಡು ದಟ್ಟವಾಗುತ್ತದೆ. ಕಾಳಿ ನದಿಯ ದಂಡೆಯ ಈ ಕಾಡುಗಳಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ: ದೊಡ್ಡ ಮಂಗಟ್ಟೆ, ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ, ಮಲಬಾರ್ ಬೂದು ಮಂಗಟ್ಟೆ ಮತ್ತು ಬಯಲು ನಾಡಿನಲ್ಲೂ ಬದುಕುವ ಸಾಮಾನ್ಯ ಬೂದು ಮಂಗಟ್ಟೆ. ಇವುಗಳಿಗಾಗಿಯೇ 2011ರಲ್ಲಿ ಇಲ್ಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಹುಲಿ ಸಂರಕ್ಷಿತ ಪ್ರದೇಶದೊಳಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಗೊತ್ತುಪಡಿಸಿದ ದಾರಿ ಬಿಟ್ಟು ಕಾಲಿಡಬಾರದು. ಕಾಟಿ, ಕರಡಿ, ಆನೆ ಇರುವ ಕಾಡಿನಲ್ಲಿ ತಲೆಯೆತ್ತಿ ನಡೆಯುವವನಿಗೆ ಎದುರಿಗಿರುವುದು ಕಾಣುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಸ್ಥಳೀಯ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಳ್ಳುವುದು ಅಗತ್ಯ.

ಮೊದಲ ಸಲ ಹೋಗುವವರು ಒಂದು ಬೆಳಿಗ್ಗೆಯನ್ನಾದರೂ ದಾಂಡೇಲಿಯ ಮರದ ಡಿಪೋ ಬಳಿ ಕಳೆಯಬೇಕು. ಅಲ್ಲಿ ಮರಗಳು ಬಿಡಿಬಿಡಿಯಾಗಿರುವುದರಿಂದ ಕಪ್ಪು-ಬಿಳಿ ಮಂಗಟ್ಟೆಗಳು ಸಾಮಾನ್ಯವಾಗಿ ಮರೆಯಿಲ್ಲದೆ ಕಾಣುತ್ತವೆ, ಹಾರುವ ರೀತಿ, ಬಾಲದ ಬಣ್ಣ, ಕೂಗು ಎಲ್ಲವೂ ಒಟ್ಟಿಗೆ ಮನಸ್ಸಿಗೆ ಇಳಿಯುತ್ತವೆ. ಬಯಲಿನ ಕಣ್ಣಿಗೂ ಕಾಡಿನ ಕಣ್ಣಿಗೂ ನಡುವಿನ ಮೆಟ್ಟಿಲು ಅದು.

ನವೆಂಬರಿನಿಂದ ಮೇ ತಿಂಗಳವರೆಗಿನ ಕಾಲ ಅನುಕೂಲ. ಮಳೆಗಾಲದಲ್ಲಿ ಹಕ್ಕಿ ಇದ್ದರೂ ಮಂಜು, ಮಳೆ, ಉಂಬಳಗಳ ನಡುವೆ ಕುಳಿತು ಕಾಯುವುದು ಆಗದ ಮಾತು. ದಿನದಲ್ಲಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ ಮತ್ತು ಸಂಜೆ ನಾಲ್ಕರಿಂದ ಬೆಳಕು ಇಳಿಯುವವರೆಗೆ ಹಕ್ಕಿಗಳ ಓಡಾಟ ಹೆಚ್ಚು.

ಹಣ್ಣಾದ ಮರ

ಮಂಗಟ್ಟೆಗಳು ಹಲ್ಲಿ, ಹಾವು, ಕೀಟ, ಸಣ್ಣ ಹಕ್ಕಿಗಳನ್ನೂ ತಿನ್ನುತ್ತವೆಯಾದರೂ ಅವುಗಳ ಬದುಕು ನಿಂತಿರುವುದು ಹಣ್ಣಿನ ಮೇಲೆ, ಅದರಲ್ಲೂ ಆಲ, ಅತ್ತಿ, ಗೋಣಿ, ಬಸರಿ ಮುಂತಾದ ಅತ್ತಿಜಾತಿಯ ಮರಗಳ ಮೇಲೆ. ಈ ಮರಗಳಿಗೆ ಒಂದು ವಿಶೇಷವಿದೆ. ಮಾವು ಅಥವಾ ಹುಣಸೆಯಂತೆ ಊರಿನ ಎಲ್ಲ ಮರಗಳೂ ಒಂದೇ ಕಾಲದಲ್ಲಿ ಹಣ್ಣಾಗುವುದಿಲ್ಲ. ಅವುಗಳ ಪರಾಗಸ್ಪರ್ಶವಾಗುವುದು ಕಾಯಿಯೊಳಗೇ ಹುಟ್ಟಿ ಬೆಳೆಯುವ ಸೂಕ್ಷ್ಮ ಕಣಜಗಳಿಂದ. ಆ ಕಣಜಗಳ ಆಯುಷ್ಯ ಬಹಳ ಚಿಕ್ಕದು. ಅವು ಉಳಿಯಬೇಕಾದರೆ ಕಾಡಿನಲ್ಲಿ ಯಾವಾಗಲೂ ಎಲ್ಲೋ ಒಂದು ಮರ ಕಾಯಿ ಬಿಟ್ಟಿರಲೇಬೇಕು. ಹಾಗಾಗಿ ಒಂದೊಂದು ಮರವೂ ತನ್ನದೇ ಲೆಕ್ಕದಲ್ಲಿ ಕಾಯಾಗಿ ಹಣ್ಣಾಗುತ್ತದೆ, ಹಣ್ಣಾದಾಗ ಇಡೀ ಮರವೇ ಕೆಲವೇ ದಿನಗಳಲ್ಲಿ ಒಟ್ಟಿಗೆ ಮಾಗುತ್ತದೆ. ನೋಡುವವರಿಗೆ ಇದರಿಂದ ಎರಡು ಪರಿಣಾಮಗಳಿವೆ. ಯಾವ ತಿಂಗಳಲ್ಲಿ ಹೋದರೂ ಒಂದು ಹಣ್ಣಾದ ಮರ ಸಿಗುವ ಸಂಭವವಿದೆ. ಆದರೆ ಕಳೆದ ವರ್ಷ ಇದೇ ವಾರ ಹಕ್ಕಿ ಕಂಡ ಮರಕ್ಕೆ ಈ ವರ್ಷ ಹೋದರೆ ಬರೀ ಎಲೆ ಕಾಣಬಹುದು. ಆದ್ದರಿಂದ ಹಳೆಯ ಫೋಟೊ ತೋರಿಸಿ “ಈ ಜಾಗ ಎಲ್ಲಿ?” ಎಂದು ಕೇಳುವುದಕ್ಕಿಂತ, ಊರವರನ್ನು “ಈಗ ಯಾವ ಆಲ ಹಣ್ಣಾಗೇತ್ರಿ?” ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಹಣ್ಣಾದ ಮರವನ್ನು ದೂರದಿಂದಲೇ ಗುರುತಿಸಬಹುದು. ನೆಲದ ಮೇಲೆ ಅರ್ಧ ಕಡಿದ ಹಣ್ಣು, ಬಿಳಿ-ನೇರಳೆ ಹಿಕ್ಕೆಯ ಕಲೆ, ಹುಳಿಬಂದ ಹಣ್ಣಿನ ವಾಸನೆ ಇರುತ್ತವೆ. ಮೇಲೆ ಕುಟ್ರುಹಕ್ಕಿ, ಪಿಕಳಾರ, ಹಸಿರು ಪಾರಿವಾಳಗಳ ಗದ್ದಲವಿರುತ್ತದೆ. ಉದ್ದ ಬಾಲದ ಕೆಂದಳಿಲು ಕೊಂಬೆಯ ತುದಿಯಲ್ಲಿ ತಲೆಕೆಳಗಾಗಿ ಜೋತು ಹಣ್ಣು ಕೀಳುತ್ತಿದ್ದರಂತೂ ಬೇರೆ ಸಾಕ್ಷಿ ಬೇಕಿಲ್ಲ. ಅತ್ತಿಜಾತಿಯ ಮರ ಸಿಗದಿದ್ದರೆ ರಾಮಪತ್ರೆ, ಧೂಪ, ಕಾಸರಕ ಮರಗಳನ್ನು ವಿಚಾರಿಸಬೇಕು. ನಮಗೆ ವಿಷವೆಂದೇ ಗೊತ್ತಿರುವ ಕಾಸರಕದ ಹಣ್ಣಿನ ತಿರುಳನ್ನು ಮಂಗಟ್ಟೆಗಳು ತಿಂದು ಅರಗಿಸಿಕೊಳ್ಳುತ್ತವೆ.

ಮರ ಸಿಕ್ಕ ಮೇಲೆ ಕೂರುವ ಜಾಗವನ್ನು ಆರಿಸುವುದರಲ್ಲಿ ಅವಸರ ಬೇಡ. ನೇರ ಕೆಳಗೆ ಕುಳಿತರೆ ಎಲೆಯ ಅಡಿಭಾಗವಷ್ಟೇ ಕಾಣುತ್ತದೆ, ಹಕ್ಕಿಗೂ ಭಯವಾಗುತ್ತದೆ. ನಲವತ್ತೈವತ್ತು ಹೆಜ್ಜೆ ದೂರದಲ್ಲಿ, ನೆತ್ತಿಯ ಕೊಂಬೆಗಳ ಒಂದು ಬದಿಯಾದರೂ ಆಕಾಶಕ್ಕೆ ತೆರೆದುಕೊಂಡಂತೆ ಕಾಣುವ ಕಡೆ, ಬೆನ್ನಿಗೆ ಒಂದು ಕಾಂಡವನ್ನು ಕೊಟ್ಟು ಕೂರಬೇಕು. ಬೆಳಿಗ್ಗೆಯಾದರೆ ಮರಕ್ಕೆ ಪೂರ್ವದಲ್ಲಿ, ಸಂಜೆಯಾದರೆ ಪಶ್ಚಿಮದಲ್ಲಿ ಕುಳಿತರೆ ಸೂರ್ಯ ಬೆನ್ನಿಗಿರುತ್ತಾನೆ. ಇಲ್ಲವಾದರೆ ಹಳದಿ ಕೊಕ್ಕೂ ಕರಿಯ ಆಕೃತಿಯಾಗಿ ಬಿಡುತ್ತದೆ. ನಮ್ಮ ಕಡೆಯ ಬಿಸಿಲಿಗೆ ಹೊಂದುವ ಬಿಳಿ ಅಂಗಿ ಇಲ್ಲಿ ಬೇಡ, ಮಣ್ಣು ಅಥವಾ ಎಲೆಯ ಬಣ್ಣದ ಬಟ್ಟೆ ಇರಲಿ. ಅತ್ತರು, ಮೊಬೈಲಿನ ಗಂಟೆ, ಪಿಸುಮಾತು ಎಲ್ಲವನ್ನೂ ಬಿಟ್ಟು ಕನಿಷ್ಠ ಒಂದೂವರೆ ಗಂಟೆ ಕೂರುವುದಾಗಿ ಮೊದಲೇ ನಿರ್ಧರಿಸಿಕೊಳ್ಳಬೇಕು. ಅರ್ಧ ಗಂಟೆಗೆ ಬೇಸತ್ತು ಎದ್ದವರ ಹಿಂದೆಯೇ ಹಕ್ಕಿ ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಕೇಳಿ ತಿಳಿಯುವುದು

ದೊಡ್ಡ ಮಂಗಟ್ಟೆ ಬರುವುದು ಮೊದಲು ಕಿವಿಗೆ. ಅದರ ರೆಕ್ಕೆಯ ದೊಡ್ಡ ಗರಿಗಳ ಬುಡವನ್ನು ಕೆಳಗಿನಿಂದ ಮುಚ್ಚುವ ಸಣ್ಣ ಗರಿಗಳು ಇತರ ಹಕ್ಕಿಗಳಲ್ಲಿರುವಂತೆ ಇಲ್ಲದ ಕಾರಣ, ಪ್ರತಿ ಬಡಿತಕ್ಕೂ ಗಾಳಿ ಗರಿಗಳ ಸಂದಿಯಿಂದ ನುಗ್ಗಿ ಸದ್ದು ಮಾಡುತ್ತದೆ. ಹಿಂದಿನವರು ಇದನ್ನು ಉಗಿಬಂಡಿಯ ಸದ್ದಿಗೆ ಹೋಲಿಸುತ್ತಿದ್ದರು. ನನ್ನ ಕಿವಿಗೆ ಅದು ಕಣದಲ್ಲಿ ಜೋಳ ತೂರುವಾಗ ಇಬ್ಬರು ಒಂದೇ ಲಯದಲ್ಲಿ ಮೊರ ಬೀಸಿದಂತೆ ಕೇಳುತ್ತದೆ: “ಹೂಶ್, ಹೂಶ್, ಹೂಶ್”, ನಂತರ ರೆಕ್ಕೆ ಚಾಚಿ ತೇಲುವಾಗ ಒಂದು ಗಳಿಗೆ ಮೌನ, ಮತ್ತೆ “ಹೂಶ್”. ಶಾಂತವಾದ ಬೆಳಿಗ್ಗೆ ಇದು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಕೇಳಿಸುತ್ತದೆ. ಸದ್ದು ಕೇಳಿದ ತಕ್ಷಣ ಎದ್ದು ನಿಲ್ಲಬಾರದು. ಕೊಂಬೆಗಳ ನಡುವಿನ ಆಕಾಶದ ತೆರಪುಗಳನ್ನು ಮಾತ್ರ ನೋಡುತ್ತಿರಬೇಕು, ಏಕೆಂದರೆ ಹಕ್ಕಿ ಕಾಣುವುದು ಆ ತೆರಪುಗಳಲ್ಲಿಯೇ.

ಕೂಗುಗಳು ನಾಲ್ಕಕ್ಕೂ ಬೇರೆ ಬೇರೆ. ದೊಡ್ಡ ಮಂಗಟ್ಟೆಯದು ಗಡುಸಾದ, ಒಡೆದ ದನಿಯ “ಗೊಕ್… ಗೊಕ್”. ಗಂಡು ಹೆಣ್ಣು ಒಂದಾದ ಮೇಲೊಂದು ಕೂಗತೊಡಗಿದರೆ ಕಣಿವೆಯೇ ಮಾರ್ದನಿಸುತ್ತದೆ. ಕಪ್ಪು-ಬಿಳಿ ಮಂಗಟ್ಟೆ ನಾಯಿ ಅಟ್ಟಿಸಿಕೊಂಡು ಬಂದಾಗ ಕೋಳಿ ಕಿರುಚುವಂತೆ ಎಡೆಬಿಡದೆ ಕೇಕೆ ಹಾಕುತ್ತದೆ. ಮಲಬಾರ್ ಬೂದು ಮಂಗಟ್ಟೆಯ ಕೂಗನ್ನು ಮೊದಲ ಸಲ ಕೇಳಿದವರು ಯಾರೋ ಮನುಷ್ಯರು ಗಹಗಹಿಸಿ ನಗುತ್ತಿದ್ದಾರೆಂದು ಹಿಂತಿರುಗಿ ನೋಡುತ್ತಾರೆ. ಸಾಮಾನ್ಯ ಬೂದು ಮಂಗಟ್ಟೆಯದು ಹದ್ದಿನ ಕೂಗನ್ನು ಹೋಲುವ ತೆಳ್ಳನೆಯ, ಎಳೆದ ಕೀರಲು.

ಮೊಬೈಲಿನಲ್ಲಿ ಈ ಕೂಗುಗಳನ್ನು ಮನೆಯಲ್ಲಿ ಕೇಳಿ ಅಭ್ಯಾಸ ಮಾಡಿಕೊಳ್ಳಬಹುದು, ಮಾಡಿಕೊಳ್ಳಲೇಬೇಕು. ಆದರೆ ಕಾಡಿನಲ್ಲಿ ಅವನ್ನು ಜೋರಾಗಿ ಹಾಕಿ ಹಕ್ಕಿಯನ್ನು ಕರೆಸುವುದು ಮೋಸ. ತನ್ನ ನೆಲೆಗೆ ಬೇರೊಂದು ಹಕ್ಕಿ ನುಗ್ಗಿದೆ ಎಂದುಕೊಂಡು ಅದು ತಿನ್ನುವುದನ್ನು, ಉಣಿಸುವುದನ್ನು ಬಿಟ್ಟು ಬರುತ್ತದೆ.

ಬಾಲವನ್ನು ನೋಡಿರಿ

ಹಕ್ಕಿ ಮರಕ್ಕೆ ಇಳಿದಾಗ ಕೊಂಬೆ ತೂಗಿ ಎಲೆಗಳು ಸದ್ದು ಮಾಡುತ್ತವೆ. ನಂತರ ಅದು ಕೊಂಬೆಯ ಮೇಲೆ ಅಡ್ಡಡ್ಡಲಾಗಿ ಕುಪ್ಪಳಿಸುತ್ತ ಹಣ್ಣಿನ ಗೊಂಚಲಿಗೆ ಹೋಗುತ್ತದೆ. ಅಷ್ಟು ದೊಡ್ಡ ಕೊಕ್ಕಿನ ತುದಿಯಿಂದ ಗೋಲಿಯಷ್ಟು ಹಣ್ಣನ್ನು ಚಿಮಟದಲ್ಲಿ ಹಿಡಿದಂತೆ ಮೆಲ್ಲಗೆ ಕಿತ್ತು, ತಲೆ ಹಿಂದಕ್ಕೆ ಒಗೆದು, ಹಣ್ಣನ್ನು ಗಾಳಿಯಲ್ಲಿ ಚಿಮ್ಮಿ ಗಂಟಲಿಗೆ ಹಿಡಿಯುತ್ತದೆ. ಅದರ ನಾಲಿಗೆ ಕೊಕ್ಕಿನ ತುದಿಯನ್ನು ಮುಟ್ಟುವಷ್ಟು ಉದ್ದವಿಲ್ಲ. ಈ ನೋಟದಲ್ಲಿ ಮೈಮರೆತು ಎಷ್ಟೋ ಜನ ಜಾತಿಯನ್ನು ಗುರುತಿಸುವುದನ್ನೇ ಮರೆಯುತ್ತಾರೆ.

ಎಲ್ಲರೂ ಮೊದಲು ನೋಡುವುದು ಕೊಕ್ಕಿನ ಮೇಲಿನ ಉಬ್ಬನ್ನು. ಹೊಸಬರನ್ನು ದಾರಿ ತಪ್ಪಿಸುವುದೂ ಅದೇ. ಆ ಉಬ್ಬು ಪೂರ್ತಿ ಬೆಳೆಯಲು ಹಲವು ವರ್ಷ ಹಿಡಿಯುತ್ತದೆ. ಮರಿ ದೊಡ್ಡ ಮಂಗಟ್ಟೆಗೆ ಉಬ್ಬು ಕಾಣದಷ್ಟು ಚಿಕ್ಕದು. ಕುತ್ತಿಗೆಯ ಹಳದಿಯನ್ನೂ ನಂಬುವಂತಿಲ್ಲ, ಏಕೆಂದರೆ ಅದು ಗರಿಯ ಬಣ್ಣವಲ್ಲ, ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿ ಕೊಕ್ಕಿನಿಂದ ಮೈಗೆ ಬಳಿದುಕೊಂಡದ್ದು. ಒಂದರಲ್ಲಿ ಗಾಢ, ಇನ್ನೊಂದರಲ್ಲಿ ಬಿಳಿಯೇ ಎನ್ನುವಷ್ಟು ತೆಳು. ಎಲೆಗಳ ಮರೆಯಲ್ಲಿ ಕುಳಿತ ಹಕ್ಕಿಯಲ್ಲಿ ಕೆಳಕ್ಕೆ ಇಳಿಬಿದ್ದು ಕಾಣುವುದು ಬಾಲ, ಹಾರಿಹೋಗುವಾಗ ಕೊನೆಗೆ ಕಣ್ಣಿಗೆ ಉಳಿಯುವುದೂ ಬಾಲ. ಆದ್ದರಿಂದ ಬಾಲದಿಂದ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬಿಳಿಯ ಬಾಲಕ್ಕೆ ಅಡ್ಡಲಾಗಿ ಒಂದೇ ಒಂದು ಅಗಲವಾದ ಕಪ್ಪು ಪಟ್ಟೆ ಇದ್ದರೆ ಅದು ದೊಡ್ಡ ಮಂಗಟ್ಟೆ. ಕೆಳಗಿನಿಂದ ನೋಡಿದಾಗ ಬಾಲ ಪಟ್ಟೆಯಿಲ್ಲದೆ ಅಚ್ಚ ಬಿಳಿಯಾಗಿದ್ದು, ಮೇಲಿನಿಂದ ಅಥವಾ ಹಾರುವಾಗ ನಡುವಿನ ಗರಿಗಳು ಕಪ್ಪಾಗಿ, ಎರಡೂ ಅಂಚು ಬೆಳ್ಳಗೆ ಕಂಡರೆ ಅದು ಕಪ್ಪು-ಬಿಳಿ ಮಂಗಟ್ಟೆ. ಈ ಎರಡನ್ನು ಅದಲುಬದಲು ಮಾಡಿಕೊಳ್ಳುವವರೇ ಹೆಚ್ಚು, ಆದ್ದರಿಂದ ಹಾರುವಾಗ ರೆಕ್ಕೆಯನ್ನೂ ಒಮ್ಮೆ ನೋಡಬೇಕು. ಎರಡಕ್ಕೂ ಕಪ್ಪು ರೆಕ್ಕೆಯ ಹಿಂದಿನ ಅಂಚಿನಲ್ಲಿ ಬಿಳಿ ಇದೆ, ಆದರೆ ದೊಡ್ಡ ಮಂಗಟ್ಟೆಗೆ ಮಾತ್ರ ರೆಕ್ಕೆಯ ನಡುವೆ ಇನ್ನೊಂದು ಬಿಳಿ ಅಥವಾ ಹಳದಿ ಛಾಯೆಯ ಪಟ್ಟಿ ಉದ್ದಕ್ಕೂ ಸಾಗುತ್ತದೆ. ಗಾತ್ರದಲ್ಲೂ ಅಂತರವಿದೆ: ಕಪ್ಪು-ಬಿಳಿ ಮಂಗಟ್ಟೆ ಸುಮಾರು 65 ಸೆಂ.ಮೀ. ಉದ್ದ, ದೊಡ್ಡದು 95 ಸೆಂ.ಮೀ.ಗೂ ಹೆಚ್ಚು, ರೆಕ್ಕೆ ಚಾಚಿದರೆ ಒಂದೂವರೆ ಮೀಟರ್. ಆದರೆ ಮೂವತ್ತು ಮೀಟರ್ ಎತ್ತರದಲ್ಲಿ ಹೋಲಿಸಲು ಪಕ್ಕದಲ್ಲಿ ಏನೂ ಇಲ್ಲದಾಗ ಗಾತ್ರದ ಅಂದಾಜು ಬಹಳ ಸಲ ತಪ್ಪುತ್ತದೆ.

ಮೈಯೆಲ್ಲ ಬೂದುಬಣ್ಣವಾಗಿದ್ದರೆ ಉಳಿದ ಎರಡರಲ್ಲಿ ಒಂದು. ಇಲ್ಲಿ ಮಾತ್ರ ಉಬ್ಬು ಉಪಯೋಗಕ್ಕೆ ಬರುತ್ತದೆ. ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮಲಬಾರ್ ಬೂದು ಮಂಗಟ್ಟೆಗೆ ಎಷ್ಟೇ ಬೆಳೆದರೂ ಉಬ್ಬು ಇಲ್ಲ. ಗಂಡಿನ ಕೊಕ್ಕು ಕಿತ್ತಳೆ, ಹೆಣ್ಣಿನದು ಹಳದಿ, ಕಣ್ಣಿನ ಮೇಲೆ ಅಗಲವಾದ ಬಿಳಿಚು ಹುಬ್ಬು, ಮೈ ಗಾಢ ಬೂದು. ಸಾಮಾನ್ಯ ಬೂದು ಮಂಗಟ್ಟೆಗೆ ಚೂಪಾದ ಸಣ್ಣ ಕಪ್ಪು ಉಬ್ಬಿದೆ, ಮೈ ತಿಳಿ ಬೂದು, ಬಾಲ ಉದ್ದ, ಅದರ ತುದಿ ಬಿಳಿ, ಬಿಳಿಗೆ ಸ್ವಲ್ಪ ಮೇಲೆ ಗಾಢವಾದ ಪಟ್ಟಿ.

ದೊಡ್ಡ ಮಂಗಟ್ಟೆ ಚೆನ್ನಾಗಿ ಕಂಡಿತೆಂದರೆ ಗಂಡೋ ಹೆಣ್ಣೋ ಎಂದು ತಿಳಿಯಲು ಕಣ್ಣನ್ನು ನೋಡಬೇಕು. ಗಂಡಿನ ಕಣ್ಣಾಲಿ ಕೆಂಪು, ಹೆಣ್ಣಿನದು ಬೆಳ್ಳಗೆ. ಗಂಡಿನ ಉಬ್ಬಿನ ಮುಂದೆ ಮತ್ತು ಹಿಂದೆ ಕಪ್ಪು ಬಣ್ಣವಿರುತ್ತದೆ, ಹೆಣ್ಣಿಗೆ ಅದಿಲ್ಲ. ಕಪ್ಪು-ಬಿಳಿ ಮಂಗಟ್ಟೆಯಲ್ಲಿ ಹೆಣ್ಣಿನ ಕಣ್ಣಿನ ಸುತ್ತ ನಸುಗೆಂಪು ಛಾಯೆಯ ಬಿಳಿ ಚರ್ಮವಿರುತ್ತದೆ.

ಕಂಡದ್ದನ್ನು ಅಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು: ಬಾಲದ ಒಂದು ಗೀಚುಚಿತ್ರ, ರೆಕ್ಕೆಯ ಪಟ್ಟಿ, ಕಣ್ಣಿನ ಬಣ್ಣ, ಹೊತ್ತು, ಮರ, ಎಷ್ಟು ಹಕ್ಕಿ. ಹಕ್ಕಿಯನ್ನು ಗುರುತಿಸಲು, ದಾಖಲಿಸಲು ಬಳಸುವ ಮರ್ಲಿನ್ ಅಥವಾ ಇ-ಬರ್ಡ್ ಆ್ಯಪನ್ನು ತೆರೆಯುವುದು ಬರೆದಾದ ಮೇಲೆ. ಮೊದಲೇ ಚಿತ್ರ ನೋಡಿದರೆ ಮನಸ್ಸು ಕಂಡದ್ದನ್ನು ಬಿಟ್ಟು ಚಿತ್ರದಲ್ಲಿರುವುದನ್ನೇ ಕಂಡೆನೆಂದು ಒಪ್ಪಿಕೊಳ್ಳುತ್ತದೆ.

ಗೂಡಿನ ಕಾಲದಲ್ಲಿ

ಜನವರಿ-ಫೆಬ್ರುವರಿಯಿಂದ ಬೇಸಿಗೆಯ ಕೊನೆಯವರೆಗೆ ಒಂಟಿ ಗಂಡುಗಳೇ ಹೆಚ್ಚು ಕಂಡರೆ ಆಶ್ಚರ್ಯಪಡಬೇಕಿಲ್ಲ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಸೇರಿ, ಬಾಗಿಲನ್ನು ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಮೆತ್ತಿ, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಂಡಿರುತ್ತದೆ. ದೊಡ್ಡ ಮಂಗಟ್ಟೆಯಾದರೆ ಒಂದೋ ಎರಡೋ ಮೊಟ್ಟೆಯಿಟ್ಟು ಸುಮಾರು 40 ದಿನ ಕಾವು ಕೊಡುತ್ತದೆ. ಆ ಅವಧಿಯಲ್ಲಿ ಅದರ ರೆಕ್ಕೆಯ ಗರಿಗಳು ಉದುರಿ ಹೊಸದು ಬರುವುದರಿಂದ ಹಾರಲೂ ಆಗದು. ಹೆಣ್ಣಿಗೂ ಮರಿಗೂ ಅನ್ನ ನೀರು ಎರಡೂ ಹೆಚ್ಚಾಗಿ ಗಂಡು ಗಂಟಲಲ್ಲಿ ತುಂಬಿ ತರುವ ಹಣ್ಣುಗಳೇ. ಅದು ಗೂಡಿನ ಕಾಂಡಕ್ಕೆ ಆತು, ಒಂದೊಂದೇ ಹಣ್ಣನ್ನು ಗಂಟಲಿನಿಂದ ಹೊರತೆಗೆದು ಸೀಳಿನೊಳಗೆ ಚಾಚಿದ ಕೊಕ್ಕಿಗೆ ಇಡುತ್ತದೆ.

ಗೂಡಿನ ಮರವನ್ನು ಹುಡುಕಿಕೊಂಡು ಹೋಗಬಾರದು. ಅಕಸ್ಮಾತ್ ಕಂಡರೆ ಅದರ ಜಾಗವನ್ನು, ಫೋಟೊವನ್ನು ಯಾರೊಂದಿಗೂ ಹಂಚಿಕೊಳ್ಳಬಾರದು. ಅದೇ ಪೊಟರೆಯನ್ನು ಈ ಹಕ್ಕಿಗಳು ವರ್ಷ ವರ್ಷವೂ ಬಳಸುತ್ತವೆ, ಅಂಥ ಪೊಟರೆಯಿರುವ ಹಳೆಯ ಮರಗಳು ಕಾಡಿನಲ್ಲಿ ಬೇಕಾದಷ್ಟಿಲ್ಲ. ದೊಡ್ಡ ಮಂಗಟ್ಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಹಕ್ಕಿ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಮನುಷ್ಯರು ಗೂಡಿನ ಬಳಿ ಸುಳಿದಾಡಿದಷ್ಟು ಹೊತ್ತು ಒಳಗಿನ ಹೆಣ್ಣು ಹಸಿದಿರುತ್ತದೆ.

ಗೂಡು ಹತ್ತಿರದಲ್ಲಿರುವುದನ್ನು ಗುರುತಿಸುವ ಒಂದು ಲಕ್ಷಣವನ್ನು ಹೊಸಬರು ತಿಳಿದಿರಬೇಕು. ಗಂಡೊಂದು ಸದ್ದು ಮಾಡುತ್ತ ಬಂದು ಹಣ್ಣಿಲ್ಲದ ಮರದ ಮೇಲೆ ಕುಳಿತು, ಕೂಗದೆ, ತಿನ್ನದೆ, ಗಂಟಲು ಉಬ್ಬಿಸಿಕೊಂಡು, ತಲೆಯನ್ನು ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ ವಾಲಿಸಿ ನಿಮ್ಮನ್ನೇ ನೋಡುತ್ತಿದ್ದರೆ, ಗೂಡು ಹತ್ತಿರದಲ್ಲೇ ಇದೆ, ಅದಕ್ಕೆ ನೀವು ಅಡ್ಡವಾಗಿದ್ದೀರಿ ಎಂದರ್ಥ. ಕ್ಯಾಮೆರಾ ಎತ್ತದೆ, ಓಡದೆ, ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಸಾಕಷ್ಟು ದೂರ ಹೋದ ಮೇಲೆ ಬೆನ್ನ ಹಿಂದೆ ಮತ್ತೆ ಮೊರ ಬೀಸಿದಂತೆ ರೆಕ್ಕೆಯ ಸದ್ದು ಕೇಳುತ್ತದೆ. ಅದು ನಿಂತ ಕಡೆ ಒಳಗಿನಿಂದ ಒಂದು ಕೊಕ್ಕು ಹೊರಬಂದಿರುತ್ತದೆ.